ಆಸ್ಕರ್‌ನಂಥ ದೊಡ್ಡ ಸಿಕ್ಲಿಡ್ ಮೀನುಗಳನ್ನು ಕೊಡಗಿನ ಮನೆಯಲ್ಲಿ ಸಾಕುವ ಬಗೆ

ಎರಡು ಇಂಚಿನ ಆಸ್ಕರ್ ಮರಿಯನ್ನು ಎರಡು ಅಡಿಯ ಗಾಜಿನ ತೊಟ್ಟಿಗೆ ತಂದು ಬಿಟ್ಟವರು, ವರ್ಷ ತುಂಬುವ ಹೊತ್ತಿಗೆ ಅದಕ್ಕೆ ಹೊರಳಲೂ ಜಾಗವಿಲ್ಲದಂತಾಗಿ, ಈಗೇನು ಮಾಡುವುದೆಂದು ಕೇಳುತ್ತಾರೆ. ಬೆಂಗಳೂರಿನ ಅಂಗಡಿಯಲ್ಲಿ ಲವಲವಿಕೆಯಿಂದ ಇದ್ದ ಮೀನು ಮಡಿಕೇರಿಗೆ ಬಂದು ಮೊದಲ ಮಳೆಗಾಲವನ್ನೂ ದಾಟಲಿಲ್ಲವೇಕೆ ಎಂದು ಇನ್ನು ಕೆಲವರು ಕೇಳುತ್ತಾರೆ. ಮೊದಲನೆಯದು ಅಳತೆಯ ತಪ್ಪು. ಎರಡನೆಯದರ ಹಿಂದೆ ನಮ್ಮ ಜಿಲ್ಲೆಯದೇ ಆದ ಮೂರು ಕಾರಣಗಳಿವೆ: ಮೃದುವಾದ ನೀರು, ಚಳಿ ಮತ್ತು ಕೈಕೊಡುವ ಕರೆಂಟು. ಬಯಲುಸೀಮೆಯವರಿಗಾಗಿ ಬರೆದ ಸಲಹೆಗಳು ಇಲ್ಲಿ ಅರ್ಧಕ್ಕರ್ಧ ಹೊಂದುವುದಿಲ್ಲ. ಆದ್ದರಿಂದ ಮೀನು ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳಿಂದ ಹಿಡಿದು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಸಿಕ್ಲಿಡ್ ಎಂದರೆ ಒಂದು ಮೀನಲ್ಲ, ಒಂದು ದೊಡ್ಡ ಕುಟುಂಬ. ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಆಫ್ರಿಕಾದಿಂದ ಬಂದ ಸಿಕ್ಲಿಡ್. ಗಡಿಯಾಚೆ ಕೇರಳದವರು ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸುವ ಕರಿಮೀನು ಭಾರತದ್ದೇ ಆದ ಸಿಕ್ಲಿಡ್. ಮನೆಯ ತೊಟ್ಟಿಯ ಮಾತಿನಲ್ಲಿ 'ದೊಡ್ಡ ಸಿಕ್ಲಿಡ್' ಎಂದರೆ ಸಾಮಾನ್ಯವಾಗಿ ದಕ್ಷಿಣ ಮತ್ತು ಮಧ್ಯ ಅಮೆರಿಕದ, 20 ಸೆಂಟಿಮೀಟರಿಗೂ ಹೆಚ್ಚು ಬೆಳೆಯುವ ಜಾತಿಗಳು. ಇವು ಮರಿಗಳನ್ನು ಕಾಯುತ್ತವೆ, ತಮ್ಮ ಜಾಗಕ್ಕಾಗಿ ಜಗಳವಾಡುತ್ತವೆ, ಊಟ ಕೊಡುವವರ ಗುರುತು ಹಿಡಿಯುತ್ತವೆ. ಜನ ಇವುಗಳಿಗೆ ಮರುಳಾಗುವುದೂ ಅದಕ್ಕೇ.

1. ಮೀನನ್ನು ಆರಿಸುವುದು

ಅಂಗಡಿಯಲ್ಲಿ ಕಾಣುವ ಗಾತ್ರವನ್ನು ಮರೆತುಬಿಡಿ. ಪೂರ್ತಿ ಬೆಳೆದಾಗಿನ ಗಾತ್ರವನ್ನೂ ಆಯುಷ್ಯವನ್ನೂ ಕೇಳಿ ತಿಳಿದುಕೊಳ್ಳಿ. ಅಮೆಜಾನ್ ಕಣಿವೆಯ ಆಸ್ಕರ್ 30 ಸೆಂಟಿಮೀಟರ್ ಮುಟ್ಟುತ್ತದೆ, ಒಳ್ಳೆಯ ಆರೈಕೆಯಲ್ಲಿ 10ರಿಂದ 15 ವರ್ಷ ಬದುಕುತ್ತದೆ. ಮೊದಲ ವರ್ಷ ಅದು ತಿಂಗಳಿಗೆ ಹತ್ತಿರ ಹತ್ತಿರ ಒಂದು ಇಂಚು ಬೆಳೆಯುತ್ತದೆ. ತೊಟ್ಟಿ ಚಿಕ್ಕದಿದ್ದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಹಾಗೆ ಉಳಿಯುವುದು ಆರೋಗ್ಯದಿಂದಲ್ಲ, ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದರಿಂದ.

ಮಲೇಷ್ಯಾದಲ್ಲಿ 1990ರ ದಶಕದಲ್ಲಿ ಬೆರಕೆ ಮಾಡಿ ತಯಾರಿಸಿದ ಫ್ಲವರ್‌ಹಾರ್ನ್ 25ರಿಂದ 30 ಸೆಂಟಿಮೀಟರ್ ಬೆಳೆಯುತ್ತದೆ. ಅದನ್ನು ಒಂಟಿಯಾಗಿ ಸಾಕುವುದೇ ಕ್ಷೇಮ. ಜ್ಯಾಕ್ ಡೆಂಪ್ಸಿ ಮತ್ತು ಗ್ರೀನ್ ಟೆರರ್ 20ರಿಂದ 25, ಸೆವೆರಮ್ ಸುಮಾರು 20. ಜಾಗ್ವಾರ್ ಸಿಕ್ಲಿಡ್ 40ರ ಆಸುಪಾಸಿಗೆ ಹೋಗುತ್ತದೆ, ಜೊತೆಗಿದ್ದವರನ್ನೆಲ್ಲ ತಿನ್ನುತ್ತದೆ. ಪೀಕಾಕ್ ಬಾಸ್ ಮನೆಯ ಮೀನೇ ಅಲ್ಲ.

ಮೊದಲ ಬಾರಿಗೆ ಸಾಕುವವರಿಗೆ ನನ್ನ ಸಲಹೆ ಆಸ್ಕರ್ ಅಥವಾ ಸೆವೆರಮ್. ಕಾರಣ ಸರಳ: ಇವೆರಡರ ತವರಿನ ನೀರು ನಮ್ಮ ಬಾವಿಯ ನೀರಿನಂತೆ ಮೃದುವಾದದ್ದು. ಫ್ಲವರ್‌ಹಾರ್ನ್‌ನ ಮೂಲ ಮಧ್ಯ ಅಮೆರಿಕದ ಗಡಸು ನೀರಿನ ಮೀನುಗಳಲ್ಲಿದೆ; ಆಫ್ರಿಕಾದ ಟಾಂಗನ್ಯಿಕಾ ಸರೋವರದ ಫ್ರಂಟೋಸಾಕ್ಕೆ ಇನ್ನೂ ಗಡಸು, ಕ್ಷಾರೀಯ ನೀರು ಬೇಕು. ಅವುಗಳನ್ನು ಇಲ್ಲಿ ಸಾಕಲಾಗದು ಎಂದೇನಲ್ಲ. ಆದರೆ ಪ್ರತಿ ವಾರ ನೀರನ್ನು ತಯಾರಿಸಿ ಹಾಕುವ ಕೆಲಸ ನಿಮ್ಮ ಕೊರಳಿಗೆ ಬೀಳುತ್ತದೆ.

2. ತೊಟ್ಟಿಯ ಅಳತೆ, ಅದನ್ನು ಇಡುವ ಜಾಗ

ಒಂದು ಘನ ಅಡಿಯಲ್ಲಿ 28.3 ಲೀಟರ್ ನೀರು ಹಿಡಿಯುತ್ತದೆ. ಹಾಗಾಗಿ 4×1.5×1.5 ಅಡಿಯ ತೊಟ್ಟಿಯಲ್ಲಿ ಸುಮಾರು 255 ಲೀಟರ್, 4×2×2 ಅಡಿಯದರಲ್ಲಿ ಸುಮಾರು 450 ಲೀಟರ್, 6×2×2 ಅಡಿಯದರಲ್ಲಿ ಸುಮಾರು 680 ಲೀಟರ್. ಮೊದಲನೆಯದು ಒಂದು ಆಸ್ಕರ್‌ಗೆ ಅಥವಾ ಒಂದು ಫ್ಲವರ್‌ಹಾರ್ನ್‌ಗೆ ತೀರಾ ಕನಿಷ್ಠ. ಎರಡು ಆಸ್ಕರ್‌ಗಳಿಗೆ, ಇಲ್ಲವೇ ಒಂದು ಆಸ್ಕರ್ ಮತ್ತು ಒಂದು ಸೆವೆರಮ್‌ಗೆ ಎರಡನೆಯದು ಬೇಕು. ಅದಕ್ಕಿಂತ ಹೆಚ್ಚು ಮೀನುಗಳ ಆಸೆಯಿದ್ದರೆ ಆರು ಅಡಿಗೆ ಹೋಗಿ. ಎತ್ತರಕ್ಕಿಂತ ಅಗಲ ಮುಖ್ಯ: ಒಂದು ಅಡಿ ಉದ್ದದ ಮೀನು ಒಂದೂವರೆ ಅಡಿ ಅಗಲದಲ್ಲಿ ಹೇಗೋ ತಿರುಗುತ್ತದೆ, ಎರಡು ಅಡಿಯಲ್ಲಿ ಆರಾಮವಾಗಿ ತಿರುಗುತ್ತದೆ.

ನಾಲ್ಕು ಅಡಿಯ ದೊಡ್ಡ ತೊಟ್ಟಿಗೆ 12 ಮಿಲಿಮೀಟರ್ ಗಾಜು ಹಾಕಿಸಿ, ಮೇಲಂಚಿಗೆ ಅಡ್ಡಪಟ್ಟಿಗಳನ್ನು ಕೂರಿಸಲು ಹೇಳಿ. ಆ ಗಾಜೇ ಸುಮಾರು 90 ಕಿಲೋ ತೂಗುತ್ತದೆ. ನೀರು, ಮರಳು, ಸ್ಟ್ಯಾಂಡ್ ಸೇರಿದರೆ ಒಟ್ಟು 550 ಕಿಲೋ ದಾಟುತ್ತದೆ. ಹಳೆಯ ಮನೆಗಳ ಮರದ ಅಟ್ಟದ ಮೇಲೆ ಇದನ್ನು ಇಡುವ ಯೋಚನೆಯೇ ಬೇಡ. ನೆಲಮಹಡಿಯಲ್ಲಿ, ಗೋಡೆಗೆ ಒತ್ತಿದಂತೆ, ನೇರ ಬಿಸಿಲು ಬೀಳದ ಕಡೆ ಇಡಿ. ಖಾಲಿ ಇರುವಾಗಲೇ ರಸಮಟ್ಟ ಇಟ್ಟು ನಾಲ್ಕೂ ಮೂಲೆ ನೋಡಿ. ತುಂಬಿದ ಮೇಲೆ ಅದನ್ನು ಅಲುಗಿಸಲಾಗದು. ತಳಕ್ಕೂ ಸ್ಟ್ಯಾಂಡಿಗೂ ನಡುವೆ ಅರ್ಧ ಇಂಚಿನ ಥರ್ಮೊಕೋಲ್ ಹಾಳೆ ಹಾಸಿ.

ಸ್ಟ್ಯಾಂಡಿಗೆ ಪ್ಲೈವುಡ್ ಬೇಡ, ಜುಲೈ ತಿಂಗಳ ತೇವಕ್ಕೆ ಅದು ಊದಿಕೊಳ್ಳುತ್ತದೆ. ತೋಟದಲ್ಲಿ ಕಡಿದದ್ದು ಹೇಗೂ ಇದೆಯೆಂದು ಸರಿಯಾಗಿ ಒಣಗದ ಸಿಲ್ವರ್ ಓಕ್ ಹಲಗೆ ಬಳಸುವವರನ್ನೂ ಕಂಡಿದ್ದೇನೆ. ಹಸಿ ಹಲಗೆ ತಿರುಚಿಕೊಂಡರೆ ಗಾಜು ಸೀಳುತ್ತದೆ. ಬಣ್ಣ ಬಳಿದ ಕಬ್ಬಿಣದ ಆ್ಯಂಗಲ್ ಅಥವಾ ಸಿಮೆಂಟ್ ಬ್ಲಾಕಿನ ಕಟ್ಟೆ ಸಾಕು. ಮೇಲೆ ಮುಚ್ಚಳ ಕಡ್ಡಾಯ, ಅದರ ಮೇಲೆ ಸ್ವಲ್ಪ ಭಾರವೂ ಇರಲಿ. ದೊಡ್ಡ ಆಸ್ಕರ್ ಜಿಗಿದರೆ ಹಗುರವಾದ ಮುಚ್ಚಳ ಹಾರಿಹೋಗುತ್ತದೆ.

ಒಳಗೆ ಜೋಡಿಸಬೇಕಾದದ್ದು ಕಡಿಮೆ. ದೊಡ್ಡ ಕಲ್ಲುಗಳನ್ನು ಮೊದಲು ತಳದ ಗಾಜಿನ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತಲೂ ತೊಳೆದ ಹೊಳೆಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಸಿಕ್ಲಿಡ್ ಅದರ ಬುಡ ತೋಡಿ ಗಾಜಿನ ಮೇಲೆ ಉರುಳಿಸುತ್ತದೆ. ಎಂ-ಸ್ಯಾಂಡ್ ಚೂಪಾಗಿರುವುದರಿಂದ ಬೇಡ. ಗಿಡ ನೆಟ್ಟರೆ ಮರುದಿನ ತೇಲುತ್ತಿರುತ್ತದೆ.

3. ಫಿಲ್ಟರ್

ದೊಡ್ಡ ಸಿಕ್ಲಿಡ್‌ಗಳು ತಿನ್ನುವುದೂ ಹೆಚ್ಚು, ಗಲೀಜು ಮಾಡುವುದೂ ಹೆಚ್ಚು. ತೊಟ್ಟಿಯ ನೀರು ಗಂಟೆಗೆ ಆರರಿಂದ ಎಂಟು ಸಲ ಫಿಲ್ಟರಿನ ಮೂಲಕ ಹಾದುಹೋಗುವಂತಿರಬೇಕು. ಕ್ಯಾನಿಸ್ಟರ್ ಎಂದರೆ ತೊಟ್ಟಿಯ ಕೆಳಗಿಡುವ ಮುಚ್ಚಿದ ಡಬ್ಬಿ. ಕೊಳವೆಯಿಂದ ನೀರು ಇಳಿದು, ಸ್ಪಂಜು ಮತ್ತು ಸೆರಾಮಿಕ್ ತುಂಡುಗಳ ಮೂಲಕ ಹಾದು, ಮೋಟರಿನಿಂದ ಮೇಲೇರುತ್ತದೆ. ಅಕ್ವೇರಿಯಂನವರು ಸಂಪ್ ಎನ್ನುವುದು ಮನೆಯ ನೀರಿನ ಸಂಪನ್ನಲ್ಲ; ಸ್ಟ್ಯಾಂಡಿನೊಳಗೆ ಇಡುವ, ಖಾನೆಗಳಿರುವ ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ. ಕೈಲಾದರೆ ಸಂಪನ್ನೇ ಮಾಡಿಸಿ: ಹೀಟರನ್ನೂ ಅದರೊಳಗೆ ಬಚ್ಚಿಡಬಹುದು. ಕರೆಂಟು ಹೋದಾಗ ಮೇಲಿನ ನೀರು ಒಂದಷ್ಟು ಕೆಳಗಿಳಿಯುವುದರಿಂದ ಸಂಪಿನಲ್ಲಿ ಅಷ್ಟು ಜಾಗ ಖಾಲಿ ಬಿಟ್ಟಿರಬೇಕು. ಮೊದಲ ದಿನವೇ ಸ್ವಿಚ್ ಆರಿಸಿ ಪರೀಕ್ಷಿಸಿ ನೋಡಿ, ಇಲ್ಲವಾದರೆ ರಾತ್ರಿ ಕರೆಂಟು ಹೋದಾಗ ಹಾಲ್ ತುಂಬ ನೀರು.

4. ನೀರು: ಹೆಚ್ಚು ಜನ ಎಡವುವುದು ಇಲ್ಲಿ

ಪಿಎಚ್ ಎಂದರೆ ನೀರು ಆಮ್ಲೀಯವೋ ಕ್ಷಾರೀಯವೋ ಎಂಬುದರ ಅಳತೆ, 7 ನಡುಮಧ್ಯ. ಕೆಎಚ್ ಎಂದರೆ ಆ ಪಿಎಚ್ ಕುಸಿಯದಂತೆ ತಡೆಹಿಡಿಯುವ, ನೀರಿನಲ್ಲಿ ಕರಗಿರುವ ಕಾರ್ಬೊನೇಟುಗಳ ಅಳತೆ. ಎಲ್ಲರೂ ಮೊದಲನೆಯದನ್ನು ನೋಡುತ್ತಾರೆ, ಎರಡನೆಯದನ್ನು ಯಾರೂ ನೋಡುವುದಿಲ್ಲ. ಗುಡ್ಡದ ಬಾವಿ ಮತ್ತು ಒರತೆಗಳ ನೀರಿನಲ್ಲಿ ಕೆಎಚ್ ಬಹಳ ಕಡಿಮೆ. ಫಿಲ್ಟರಿನಲ್ಲಿ ಗಲೀಜನ್ನು ಕರಗಿಸುವ ಬ್ಯಾಕ್ಟೀರಿಯಾಗಳು ತಮ್ಮ ಕೆಲಸ ಮಾಡುತ್ತಲೇ ಆ ಇದ್ದಬದ್ದ ಕಾರ್ಬೊನೇಟನ್ನು ಖರ್ಚುಮಾಡುತ್ತವೆ. ಅದು ಮುಗಿದ ದಿನ ಪಿಎಚ್ ಜಾರಿ 6ಕ್ಕಿಂತ ಕೆಳಗಿಳಿಯುತ್ತದೆ, ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗಿ ನಿಲ್ಲುತ್ತದೆ, ಮೀನಿನ ಅಮೋನಿಯಾ ನೀರಿನಲ್ಲೇ ಸೇರತೊಡಗುತ್ತದೆ.

ವಿಚಿತ್ರವೆಂದರೆ ಆಗಲೂ ಮೀನು ತಕ್ಷಣ ಸಾಯುವುದಿಲ್ಲ. ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ಕಡಿಮೆ. ಮೀನು ಸ್ವಲ್ಪ ಮಂಕಾದುದನ್ನು ಕಂಡು ಮನೆಯವರು ಒಂದು ಭಾನುವಾರ ಮುಕ್ಕಾಲು ತೊಟ್ಟಿ ನೀರು ಬದಲಾಯಿಸುತ್ತಾರೆ. ಹೊಸ ನೀರಿನಿಂದ ಪಿಎಚ್ 7 ದಾಟುತ್ತದೆ, ಉಳಿದಿದ್ದ ಅಮೋನಿಯಂನ ಒಂದು ಭಾಗ ವಿಷಕಾರಿ ಅಮೋನಿಯಾ ಆಗಿ ಮಾರ್ಪಡುತ್ತದೆ, ಸಂಜೆಯೊಳಗೆ ಮೀನು ಅಡ್ಡ ಬೀಳುತ್ತದೆ. 'ನೀರು ಬದಲಾಯಿಸಿದ್ದಕ್ಕೇ ಸತ್ತಿತು' ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ನೀವು ಈಗಾಗಲೇ ಇಂಥ ತೊಟ್ಟಿಯನ್ನು ಇಟ್ಟುಕೊಂಡಿದ್ದರೆ ದಿನಕ್ಕೆ ಹತ್ತನೇ ಒಂದು ಭಾಗದಂತೆ ಮಾತ್ರ ಬದಲಾಯಿಸುತ್ತ, ಎರಡು ವಾರದಲ್ಲಿ ಸರಿದಾರಿಗೆ ತನ್ನಿ.

ಪರಿಹಾರ ದುಬಾರಿಯದಲ್ಲ. ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಚಿಪ್ಪಿನ ನುಚ್ಚನ್ನು ಚೆನ್ನಾಗಿ ತೊಳೆದು, ಬಲೆಯ ಚೀಲದಲ್ಲಿ ಕಟ್ಟಿ, 450 ಲೀಟರಿಗೆ ಅರ್ಧ ಕಿಲೋದಂತೆ ಫಿಲ್ಟರಿನೊಳಗೆ ಇಡಿ. ನೀರು ಆಮ್ಲೀಯವಾದಂತೆಲ್ಲ ಅದು ತಾನಾಗಿ ಕರಗುತ್ತದೆ. ತುರ್ತಿಗೆ ಅಡುಗೆ ಸೋಡಾ ಇದೆ: 100 ಲೀಟರಿಗೆ ಮಟ್ಟಸವಾದ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ, ಕೆಎಚ್ ಅನ್ನು ಲೀಟರಿಗೆ 30 ಮಿಲಿಗ್ರಾಂನಷ್ಟು ಏರಿಸುತ್ತದೆ. ಮಗ್ಗಿನಲ್ಲಿ ಕರಗಿಸಿ, ದಿನಕ್ಕೆ ಒಮ್ಮೆ ಮಾತ್ರ ಹಾಕಿ. ಕೆಎಚ್ ಲೀಟರಿಗೆ 70 ಮಿಲಿಗ್ರಾಂ ಸುತ್ತಮುತ್ತ, ಪಿಎಚ್ 6.8ರಿಂದ 7.4ರೊಳಗೆ ನಿಂತರೆ ಆಸ್ಕರ್ ಸುಖವಾಗಿರುತ್ತದೆ. ಬೇಕಿಂಗ್ ಪೌಡರ್ ಮತ್ತು ಬಟ್ಟೆ ಸೋಡಾ ಬೇರೆ ವಸ್ತುಗಳು, ಅವುಗಳನ್ನು ಹಾಕಬೇಡಿ. ಹೊಸ ತೊಟ್ಟಿಯಾದರೆ ಈ ಕೆಲಸವನ್ನು ಮೀನು ಬರುವ ಮೊದಲೇ ಮುಗಿಸಿ. ಅಮೋನಿಯಾ ತುಂಬಿರುವ ಹಳೆಯ ತೊಟ್ಟಿಗೆ ಒಮ್ಮೆಲೇ ಸೋಡಾ ಸುರಿದರೆ ಮೇಲೆ ಹೇಳಿದ ಅನಾಹುತವೇ ಆಗುತ್ತದೆ.

ಇನ್ನು ವಿಷಗಳ ವಿಚಾರ. ಕಾಫಿಗೂ ಕಾಳುಮೆಣಸಿಗೂ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ತಾಮ್ರದ ಲವಣ. ತಾಮ್ರ ಮೀನಿಗೆ ವಿಷ, ಮೃದು ನೀರಿನಲ್ಲಂತೂ ಅತಿ ಸಣ್ಣ ಪ್ರಮಾಣವೂ ಸಾಕು. ನಾನೊಮ್ಮೆ ಔಷಧಿ ಹೊಡೆಯುವ ದಿನಗಳಲ್ಲಿ ಕೈಗೆ ಸಿಕ್ಕ ಬಕೆಟ್ಟಿನಲ್ಲಿ ತೊಟ್ಟಿಗೆ ನೀರು ಹಾಕಿದೆ. ಬೆಳಿಗ್ಗೆ ಸೆವೆರಮ್ ನೀರಿನ ಮೇಲ್ಮೈಗೆ ಬಾಯಿಟ್ಟು ಏದುಸಿರು ಬಿಡುತ್ತಿತ್ತು, ಮಧ್ಯಾಹ್ನಕ್ಕೆ ಇರಲಿಲ್ಲ. ಬಕೆಟ್ಟನ್ನು ತಿರುಗಿಸಿ ನೋಡಿದರೆ, ಹಿಡಿಯ ಕೆಳಗಿನ ಅಂಚಿನಲ್ಲಿ ಉಗುರಿನಿಂದ ಕೆರೆದರೆ ಏಳುವಂಥ ತಿಳಿನೀಲಿ ಗೆರೆ ಒಣಗಿ ಕೂತಿತ್ತು. ಅಂದಿನಿಂದ ತೊಟ್ಟಿಯ ಬಕೆಟ್ಟು, ಪೈಪು, ಮಗ್ಗುಗಳಿಗೆ ಕೆಂಪು ಬಣ್ಣ ಬಳಿದು ಬೇರೆಯೇ ಇಟ್ಟಿದ್ದೇನೆ. ನೀವೂ ಹಾಗೆ ಮಾಡಿ. ಕಾಂಡಕೊರಕಕ್ಕೆ ಹೊಡೆಯುವ ಕೀಟನಾಶಕ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದರೂ ಆ ದಿನ ತೊಟ್ಟಿಯೊಳಗೆ ಇಳಿಸಬೇಡಿ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ, ಸೊಳ್ಳೆಯ ದ್ರವದ ಯಂತ್ರವನ್ನೂ ಹಾಕಬೇಡಿ. ಗಾಳಿಯ ಪಂಪು ಆ ಹೊಗೆಯನ್ನು ಎಳೆದು ನೇರ ನೀರಿಗೆ ತುಂಬುತ್ತದೆ.

ಅದೇ ತಾಮ್ರದ ಕಾರಣಕ್ಕೆ ಬಚ್ಚಲಿನ ತಾಮ್ರದ ಹಂಡೆಯ ಬಿಸಿನೀರನ್ನು ತೊಟ್ಟಿಗೆ ಬೆರೆಸಬಾರದು. ಚಳಿಗಾಲದಲ್ಲಿ ಬಾವಿಯ ನೀರಿಗೆ ಬಿಸಿ ಬೆರೆಸಬೇಕಾದರೆ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ. ಸೂರಿನಿಂದ ಹಿಡಿದ ಮಳೆನೀರು ಬೇಡ: ಅದರಲ್ಲಿ ಕೆಎಚ್ ಸೊನ್ನೆಗೆ ಹತ್ತಿರ, ಸೂರು ಜಿಂಕ್ ಶೀಟಿನದಾದರೆ ಸತುವೂ ಇಳಿದಿರುತ್ತದೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ, ಅಥವಾ ಪಟ್ಟಣದ ನಲ್ಲಿ ನೀರಾದರೆ, ಡ್ರಮ್ಮಿನಲ್ಲಿ ತುಂಬಿ ಗಾಳಿಯ ಪಂಪು ಹಾಕಿ 24 ಗಂಟೆ ಬಿಡಿ, ಜೊತೆಗೆ ಅಕ್ವೇರಿಯಂ ಅಂಗಡಿಯ ಕ್ಲೋರಿನ್ ನಿವಾರಕವನ್ನು ಬಾಟಲಿಯ ಮೇಲಿನ ಪ್ರಮಾಣದಲ್ಲಿ ಹಾಕಿ. ಬೋರ್‌ವೆಲ್ ನೀರನ್ನೂ ಹೀಗೆ ಒಂದು ದಿನ ಗಾಳಿಯಾಡಿಸದೆ ಬಳಸಬಾರದು.

5. ಬಿಸಿ ಮತ್ತು ಕರೆಂಟು

ಈ ಮೀನುಗಳಿಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಜನವರಿಯ ರಾತ್ರಿಗಳು ಹೇಗಿರುತ್ತವೆಂದು ನಿಮಗೇ ಗೊತ್ತು. ಜನ ಮರೆಯುವುದು ಜುಲೈ ತಿಂಗಳನ್ನು: ವಾರಗಟ್ಟಲೆ ಬಿಸಿಲಿಲ್ಲದೆ ಮನೆಯೊಳಗಿನ ನೀರು ಹಗಲಿನಲ್ಲೂ 20 ಡಿಗ್ರಿಯ ಆಚೀಚೆ ನಿಂತುಬಿಡುತ್ತದೆ. ಕುಶಾಲನಗರದ ಕಡೆ ಒಂದಿಷ್ಟು ವಾಸಿ, ಆದರೂ ಹೀಟರ್ ಬೇಕೇ ಬೇಕು.

ಲೀಟರಿಗೆ ಒಂದು ವ್ಯಾಟ್ ಎಂಬ ಲೆಕ್ಕ ಬಯಲಿಗೆ ಧಾರಾಳ, ಇಲ್ಲಿ ಸ್ವಲ್ಪ ಹೆಚ್ಚೇ ಇರಲಿ. 450 ಲೀಟರಿಗೆ 300 ವ್ಯಾಟಿನ ಎರಡು ಹೀಟರ್ ಹಾಕಿ. ಒಂದೇ ದೊಡ್ಡದು ಬೇಡ. ಅದು ಕೆಟ್ಟು ನಿಂತರೆ ನೀರು ತಣ್ಣಗಾಗುತ್ತದೆ, ಕೆಟ್ಟು ಉರಿಯುತ್ತಲೇ ಇದ್ದರೆ ಮೀನು ಬೇಯುತ್ತದೆ. ಎರಡಿದ್ದರೆ ಎರಡೂ ಅಪಾಯ ಅರ್ಧಕ್ಕಿಳಿಯುತ್ತವೆ. ಎರಡೂ ಸೇರಿ ದಿನದ ಅರ್ಧ ಹೊತ್ತು ಉರಿದರೆ 7 ಯೂನಿಟ್ ದಾಟುತ್ತದೆ ಎಂಬುದನ್ನು ಬಿಲ್ಲು ಬರುವ ಮೊದಲೇ ಮನೆಯವರಿಗೆ ಹೇಳಿಡುವುದು ಒಳ್ಳೆಯದು. ತೊಟ್ಟಿಯ ಹಿಂಬದಿಗೂ ಎರಡು ಬದಿಗಳಿಗೂ ಒಂದು ಇಂಚಿನ ಥರ್ಮೊಕೋಲ್ ಅಂಟಿಸಿದರೆ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಆಸ್ಕರ್ ಗಾಜಿನ ಹೀಟರನ್ನು ಬಾಲದಿಂದ ಬಡಿದು ಒಡೆಯಬಲ್ಲದು. ಪ್ಲಾಸ್ಟಿಕ್ ಜಾಲರಿಯಿರುವುದನ್ನು ಕೊಳ್ಳಿ, ಅಥವಾ ಸಂಪಿನಲ್ಲಿ ಇಡಿ. ನೀರು ಬದಲಾಯಿಸುವ ಮೊದಲು ಹೀಟರ್ ಆರಿಸಿ 15 ನಿಮಿಷ ಕಾಯಿರಿ. ಬಿಸಿಯಾದ ಗಾಜು ನೀರಿನಿಂದ ಹೊರಬಂದು ಮತ್ತೆ ತಣ್ಣೀರು ತಾಗಿದರೆ ಸಿಡಿಯುತ್ತದೆ. ತೊಟ್ಟಿಯ ಎಲ್ಲ ಪ್ಲಗ್ಗುಗಳೂ 30 ಮಿಲಿಆ್ಯಂಪಿಯರ್ ಆರ್‌ಸಿಸಿಬಿ ಇರುವ, ಅರ್ಥಿಂಗ್ ಸರಿಯಾಗಿರುವ ಲೈನಿನಲ್ಲಿರಬೇಕು. ಆರ್‌ಸಿಸಿಬಿ ಎಂದರೆ ಕರೆಂಟು ನೀರಿಗೋ ಮನುಷ್ಯನಿಗೋ ಸೋರಿದ ಕ್ಷಣದಲ್ಲಿ ಲೈನನ್ನು ಕಡಿದುಹಾಕುವ ಸ್ವಿಚ್. ವಯರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತಿರಲಿ, ವಯರಿನ ಗುಂಟ ಇಳಿದ ಹನಿ ಆ ಬಾಗಿನಲ್ಲಿ ಕೆಳಗೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಪ್ಲಗ್ಗುಗಳನ್ನು ಕಿತ್ತಿಡಿ.

ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಿರುವುದು ನಮಗೆ ಹೊಸದಲ್ಲ. ಆಗ ಮೊದಲು ಕೊಲ್ಲುವುದು ಚಳಿಯಲ್ಲ, ಆಮ್ಲಜನಕದ ಕೊರತೆ. ಮನೆಯ ಇನ್ವರ್ಟರಿಗೆ ಹೀಟರ್ ಹಾಕಬೇಡಿ, ಬ್ಯಾಟರಿ ಬೇಗನೆ ಖಾಲಿಯಾಗುತ್ತದೆ. 5 ವ್ಯಾಟಿನ ಗಾಳಿಯ ಪಂಪು ಮತ್ತು 35 ವ್ಯಾಟಿನ ಫಿಲ್ಟರನ್ನು ಹಾಕಿದರೆ, ಬೇರೆ ಹೊರೆಯಿಲ್ಲದಿದ್ದಲ್ಲಿ 150 ಆ್ಯಂಪಿಯರ್-ಗಂಟೆಯ ಒಳ್ಳೆಯ ಬ್ಯಾಟರಿ ಒಂದು ದಿನದ ಹತ್ತಿರ ಎಳೆಯುತ್ತದೆ. ಅದೂ ಮುಗಿಯುವ ಸೂಚನೆ ಕಂಡರೆ ಫಿಲ್ಟರ್ ಬಿಟ್ಟು ಪಂಪನ್ನು ಮಾತ್ರ ಉಳಿಸಿಕೊಳ್ಳಿ. ಟಾರ್ಚ್ ಸೆಲ್ಲಿನಲ್ಲಿ ಓಡುವ ಗಾಳಿಯ ಪಂಪೊಂದು ಕಪಾಟಿನಲ್ಲಿರಲಿ. ತೊಟ್ಟಿಗೆ ಕಂಬಳಿ ಹೊದಿಸಿ, ಮೇಲ್ಭಾಗದಲ್ಲಿ ಗಾಳಿಗೆ ಸಂದು ಬಿಡಿ. ಹಂಡೆಯ ಬಿಸಿನೀರನ್ನು ಬಿಗಿಯಾದ ಮುಚ್ಚಳದ ಬಾಟಲಿಗಳಲ್ಲಿ ತುಂಬಿ ತೇಲಿಬಿಡಬಹುದು, ಬಾಟಲಿಯೊಳಗೇ ಇರುವುದರಿಂದ ತಾಮ್ರದ ಹೆದರಿಕೆಯಿಲ್ಲ. ಆ ದಿನಗಳಲ್ಲಿ ಆಹಾರ ಹಾಕಲೇಬೇಡಿ. ಬೆಳೆದ ಆಸ್ಕರ್ ಒಂದು ವಾರ ಉಪವಾಸವಿದ್ದರೂ ಏನೂ ಆಗುವುದಿಲ್ಲ. ಕ್ಯಾನಿಸ್ಟರ್ ಕೆಲವು ಗಂಟೆಗಳಿಗಿಂತ ಹೆಚ್ಚು ನಿಂತಿದ್ದರೆ, ಕರೆಂಟು ಬಂದ ಮೇಲೆ ಅದರೊಳಗಿನ ಕೊಳೆತ ನೀರನ್ನು ಚೆಲ್ಲಿದ ನಂತರವೇ ಚಾಲೂ ಮಾಡಿ.

6. ಸೈಕ್ಲಿಂಗ್

ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಸೈಕ್ಲಿಂಗ್ ಎನ್ನುತ್ತಾರೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡು ಮೀನಿಗೆ ವಿಷ, ಕೊನೆಯದು ಮಿತಿಯಲ್ಲಿದ್ದರೆ ನಿರುಪದ್ರವಿ. ಮೀನಿಲ್ಲದ ತೊಟ್ಟಿಯಲ್ಲಿ ಫಿಲ್ಟರ್ ಓಡಿಸಿ, ಬಲೆಯ ಚೀಲದಲ್ಲಿ ಒಂದೆರಡು ಸಿಗಡಿ ಹಾಕಿ ಕೊಳೆಯಲು ಬಿಡಿ. ನೀರು ಪರೀಕ್ಷಿಸುವ ಸಾಮಾನ್ಯ ದ್ರವದ ಕಿಟ್ಟಿನಲ್ಲಿ ಅಮೋನಿಯಾ ಇಲ್ಲದ ನೀರು ಹಳದಿಯಾಗಿ ಉಳಿಯುತ್ತದೆ, ಇದ್ದರೆ ಹಸಿರಿಗೆ ತಿರುಗುತ್ತದೆ. ಹಸಿರು ಏರಿ, ಇಳಿದು, ನೈಟ್ರೈಟೂ ಏರಿ ಇಳಿದು, ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಕಂಡಾಗ ಕೆಲಸ ಮುಗಿಯಿತು. 27 ಡಿಗ್ರಿಯಲ್ಲಿ ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ಹೀಟರಿಲ್ಲದೆ ಮಾಡಿದರೆ ಇನ್ನೂ ಬಹಳ ನಿಧಾನ. ಪರಿಚಯದವರ ಆರೋಗ್ಯವಂತ ತೊಟ್ಟಿಯ ಹಳೆಯ ಸ್ಪಂಜೊಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿಟ್ಟರೆ ಅರ್ಧ ಸಮಯ ಉಳಿಯುತ್ತದೆ. ಅಂಗಡಿಯವರು 'ಒಂದು ದಿನ ನೀರು ಓಡಿಸಿ, ಮರುದಿನ ಮೀನು ಬಿಡಿ' ಎನ್ನುತ್ತಾರೆ. ಕೇಳಬೇಡಿ.

7. ಮೀನನ್ನು ಮನೆಗೆ ತರುವುದು

ಮೈಸೂರಿನಿಂದಲೋ ಮಂಗಳೂರಿನಿಂದಲೋ ಘಾಟಿ ಹತ್ತಿ ಬರಲು ಮೂರು ನಾಲ್ಕು ಗಂಟೆ ಬೇಕು. ಹಿಂದಿನ ದಿನ ಮೀನಿಗೆ ಆಹಾರ ಹಾಕದಂತೆ ಅಂಗಡಿಯವರಿಗೆ ಹೇಳಿ, ಆಮ್ಲಜನಕ ತುಂಬಿದ ಚೀಲವನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ತನ್ನಿ. ಬಣ್ಣ ಚುಚ್ಚಿದ ಮೀನು, ಹೊಟ್ಟೆ ಒಳಸೇರಿದ ಮೀನು, ತಲೆಯ ಮೇಲೆ ಸಣ್ಣ ಗುಳಿಗಳಿರುವ ಮೀನು ಅಗ್ಗಕ್ಕೆ ಸಿಕ್ಕರೂ ಬೇಡ.

ಚೀಲವನ್ನು ಮುಚ್ಚಿದಂತೆಯೇ 20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸಮವಾಗಲು ಬಿಡಿ. ಬಾಯಿ ಬಿಚ್ಚಿದ ಮೇಲೆ ಮಾತ್ರ ತಡ ಮಾಡಬಾರದು: ಗಂಟೆಗಟ್ಟಲೆ ಮುಚ್ಚಿದ್ದ ಚೀಲದಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಗಾಳಿ ತಾಗಿದೊಡನೆ ಅದು ಏರಿ ಅಲ್ಲಿ ಸೇರಿದ್ದ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ನಾಲ್ಕೈದು ಲೋಟ ತೊಟ್ಟಿಯ ನೀರನ್ನು 10 ನಿಮಿಷದೊಳಗೆ ಬೆರೆಸಿ, ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ, ಚೀಲದ ನೀರನ್ನು ಹೊರಗೆ ಚೆಲ್ಲಿ. ಹೊಸ ಆಸ್ಕರ್ ಮೂಲೆಯಲ್ಲಿ ಒಂದು ಮಗ್ಗುಲಾಗಿ ಮಲಗಿ ಸತ್ತಂತೆ ನಟಿಸಬಹುದು. ಉಸಿರು ಸಮವಾಗಿದ್ದರೆ ದೀಪ ಆರಿಸಿ, ಒಂದೆರಡು ದಿನ ಅದರ ಪಾಡಿಗೆ ಬಿಡಿ. ಮನೆಯಲ್ಲಿ ಮೊದಲೇ ಬೇರೆ ಮೀನುಗಳಿದ್ದರೆ, ಹೊಸದನ್ನು ಮೂರರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಿ.

8. ಆಹಾರ

ಸಿಕ್ಲಿಡ್ ಪೆಲೆಟ್ಟೇ ಮುಖ್ಯ ಆಹಾರ. ಮರಿಗಳಿಗೆ ದಿನಕ್ಕೆ ಎರಡು ಮೂರು ಸಲ, ಬೆಳೆದವಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರದಲ್ಲಿ ಒಂದು ದಿನ ಉಪವಾಸ. ಸಿಪ್ಪೆ ಸುಲಿದ ಸಿಗಡಿಯನ್ನು ವಾರಕ್ಕೊಮ್ಮೆ ಕೊಡಬಹುದು. ಎರೆಹುಳು ಬಹಳ ಇಷ್ಟ, ಆದರೆ ಔಷಧಿ ಹೊಡೆದ ತೋಟದ್ದು ಬೇಡ, ಹಟ್ಟಿಯ ಗೊಬ್ಬರದ ಗುಂಡಿಯದು ಆಗಬಹುದು. ಕೋಳಿ ಮತ್ತು ದನದ ಮಾಂಸದ ಕೊಬ್ಬು ಮೀನಿನ ಯಕೃತ್ತಿನಲ್ಲಿ ಸೇರಿಕೊಳ್ಳುತ್ತದೆ. ಬದುಕಿರುವ ಗೋಲ್ಡ್ ಫಿಶ್ ಹಾಕಿ ಮಕ್ಕಳಿಗೆ ಆಟ ತೋರಿಸುವವರಿದ್ದಾರೆ. ಅದರೊಂದಿಗೆ ರೋಗವೂ ಬರುತ್ತದೆ, ಅದರ ದೇಹದಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ವಿಟಮಿನ್ ಬಿ1 ಅನ್ನು ನಾಶ ಮಾಡುತ್ತದೆ. ನೀರು 20 ಡಿಗ್ರಿಗಿಂತ ತಣ್ಣಗಿರುವಾಗ ತಿಂದದ್ದು ಜೀರ್ಣವಾಗದು.

9. ವಾರದ ಕೆಲಸ, ಬರಬಹುದಾದ ರೋಗ

ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸಿ. ಹೊಸ ನೀರಿನ ಉಷ್ಣತೆಯಲ್ಲಿ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ತಿಂಗಳಿಗೊಮ್ಮೆ ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕ್ಲೋರಿನ್ ಇರುವ ನಲ್ಲಿಯ ಕೆಳಗೆ ಹಿಡಿದರೆ ಸಾಕಿದ ಬ್ಯಾಕ್ಟೀರಿಯಾ ತೊಳೆದುಹೋಗುತ್ತದೆ. ಕೆಎಚ್ ಪರೀಕ್ಷೆಯನ್ನು ಮಳೆಗಾಲದಲ್ಲಿ ಪ್ರತಿ ವಾರ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಾಡಿ. ತೆಗೆದ ನೀರು ಆಂಥೂರಿಯಂ ಕುಂಡಗಳಿಗೆ ಒಳ್ಳೆಯ ಗೊಬ್ಬರ, ಉಪ್ಪು ಅಥವಾ ಔಷಧಿ ಹಾಕಿದ್ದರೆ ಮಾತ್ರ ಬೇಡ.

ಹೀಟರ್ ಕೈಕೊಟ್ಟ ನಂತರದ ವಾರದಲ್ಲಿ ಮೈಮೇಲೆ ರವೆಯಂಥ ಬಿಳಿ ಚುಕ್ಕೆಗಳು ಕಂಡರೆ ಅದು ವೈಟ್ ಸ್ಪಾಟ್ ಎಂಬ ಪರಾವಲಂಬಿ. ಉಷ್ಣತೆಯನ್ನು ಒಂದೆರಡು ದಿನಗಳಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಲೀಟರಿಗೆ 2 ಗ್ರಾಂನಂತೆ, ಅಂದರೆ 450 ಲೀಟರಿಗೆ 900 ಗ್ರಾಂ, ಎರಡು ಮೂರು ಕಂತಿನಲ್ಲಿ ಕರಗಿಸಿ ಹಾಕಿ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಗಾಳಿಯ ಪಂಪು ಜೋರಾಗಿರಲಿ. ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಬಾರದು, ಎರಡು ವಾರ ಪೂರ್ತಿ ನಡೆಸಿ. ತಲೆಯ ಮೇಲೆ ಗುಳಿಗಳು ಬೀಳುವ 'ಹೋಲ್ ಇನ್ ದ ಹೆಡ್' ರೋಗ ಬೇರೆ: ಅದಕ್ಕೆ ಕೆಟ್ಟ ನೀರು, ಏಕರೂಪದ ಆಹಾರ, ಹೆಕ್ಸಾಮಿಟಾ ಎಂಬ ಸೂಕ್ಷ್ಮಜೀವಿ ಮೂರರ ನಂಟೂ ಇದೆ. ಮೊದಲು ನೀರು ಮತ್ತು ಆಹಾರ ಸರಿಪಡಿಸಿ. ಮೆಟ್ರೋನಿಡಜೋಲ್ ಎಂಬ ಔಷಧಿ ಬೇಕೆನಿಸಿದರೆ ಪಶುವೈದ್ಯರನ್ನು ಕೇಳಿ ಕೊಡಿ.

ಎರಡು ಮೀನು ಜೋಡಿಯಾಗಿ ಚಪ್ಪಟೆ ಕಲ್ಲನ್ನು ಬಾಯಿಂದ ಉಜ್ಜತೊಡಗಿದರೆ ಮೊಟ್ಟೆಯ ಸಿದ್ಧತೆ. ಒಂದು ಸಲಕ್ಕೆ ಸಾವಿರ ಮೊಟ್ಟೆ ದೊಡ್ಡದೇನಲ್ಲ. ಅಷ್ಟು ಮರಿಗಳನ್ನು ಯಾರೂ ಕೊಳ್ಳುವುದಿಲ್ಲ, ಹಾಗಾಗಿ ಮೊಟ್ಟೆಗಳನ್ನು ತೆಗೆದುಬಿಡುವುದೇ ಲೇಸು.

10. ಸಾಕಲಾಗದಿದ್ದರೆ

ಮೀನು ತೊಟ್ಟಿಗಿಂತ ದೊಡ್ಡದಾಗಿ ಬೆಳೆದಾಗ ತೋಟದ ಕೆರೆಗೆ ಬಿಟ್ಟರಾಯಿತು ಎಂಬ ಮಾತನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ಜುಲೈಯಲ್ಲಿ ಕೋಡಿ ಬೀಳದ ಕೆರೆ ನಮ್ಮಲ್ಲಿ ಎಲ್ಲಿದೆ? ಕೋಡಿಯ ನೀರು ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ತಿಲಾಪಿಯಾ ಈ ದೇಶಕ್ಕೆ ಬಂದದ್ದು 1952ರಲ್ಲಿ; ಈಗ ಅದಿಲ್ಲದ ಕೆರೆ ಹುಡುಕುವುದು ಕಷ್ಟ. ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದರ ಮರಿಗಳ ನಡುವೆ ಜಾಗ್ವಾರನ್ನೋ ಫ್ಲವರ್‌ಹಾರ್ನನ್ನೋ ಬಿಡಬಾರದು. ಚಳಿಗೆ ಅವು ಹೇಗೂ ಸಾಯುತ್ತವೆ ಎಂಬ ಸಮಾಧಾನವೂ ಬೇಡ, ಹೊಳೆ ಕೆಳಗಿಳಿದಂತೆ ನೀರು ಬೆಚ್ಚಗಾಗುತ್ತ ಹೋಗುತ್ತದೆ.

ತಂದ ಅಂಗಡಿಗೆ ಹಿಂದಿರುಗಿಸಬಹುದೇ ಎಂದು ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಿ. ಹೆಚ್ಚಿನವರು ದುಡ್ಡು ಕೊಡದಿದ್ದರೂ ಮೀನನ್ನು ತೆಗೆದುಕೊಳ್ಳುತ್ತಾರೆ. ದೊಡ್ಡ ತೊಟ್ಟಿಯಿರುವ ಇನ್ನೊಬ್ಬ ಸಾಕಣೆಗಾರರಿಗೆ ಕೊಡುವುದು ಅದಕ್ಕಿಂತ ಒಳ್ಳೆಯದು. ಸತ್ತ ಮೀನನ್ನೂ ತೋಡಿಗೆ ಎಸೆಯದೆ, ನಾಯಿ ಕೆದರದಷ್ಟು ಆಳದ ಗುಂಡಿ ತೆಗೆದು, ಬಾವಿಯಿಂದ ದೂರದಲ್ಲಿ ಹೂಳಿ.